ಸೆಂಟು ಲೆಕ್ಕದ ಮಳೆ, ಸೆನ್ಸರ್ ಲೆಕ್ಕದ ಮಣ್ಣು

ಕೊಡಗಿನ ಕಾಫಿ ಬೆಳೆಗಾರರು ಮಳೆಯನ್ನು ಇಂದಿಗೂ ಇಂಚು-ಸೆಂಟುಗಳಲ್ಲೇ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ, ಅಂದರೆ 0.254 ಮಿಲಿಮೀಟರ್. ಸ್ವಯಂಚಾಲಿತ ಮಳೆಮಾಪಕದೊಳಗೆ ನೀರು ತುಂಬಿದೊಡನೆ ಮಗುಚಿಕೊಳ್ಳುವ ಪುಟ್ಟ ಬಟ್ಟಲಿನ ಅಳತೆಯೂ ಹಲವು ಮಾದರಿಗಳಲ್ಲಿ ಸರಿಯಾಗಿ ಇಷ್ಟೇ. ಬಟ್ಟಲು ಮಗುಚಿದಾಗಲೆಲ್ಲ ಒಂದು ಸ್ವಿಚ್ಚು ಮುಚ್ಚಿ ತೆರೆಯುತ್ತದೆ; ಆದರೆ ಸ್ವಿಚ್ಚಿನ ಲೋಹದ ತುದಿಗಳು ಒಮ್ಮೆ ತಾಗಿ ಸುಮ್ಮನಾಗದೆ ಅದುರುವುದರಿಂದ, ಎಚ್ಚರವಿಲ್ಲದೆ ಬರೆದ ಪ್ರೋಗ್ರಾಂ ಒಂದು ಸೆಂಟನ್ನು ಎರಡು ಮೂರಾಗಿ ಎಣಿಸಿಬಿಡುತ್ತದೆ. ಪ್ರಯೋಗಾಲಯದಲ್ಲಿ ಕಣ್ಣಿಗೆ ಬೀಳದ ಈ ತಪ್ಪನ್ನು ತೋಟದ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಬರೆದಿಟ್ಟ ಮಳೆಪುಸ್ತಕ ಒಂದೇ ದಿನದಲ್ಲಿ ಹಿಡಿದುಕೊಡುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ತೋಟಕ್ಕೆ ಕರೆತರಬೇಕು ಎನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಕಾರಣ ಹೊಳೆಯುವುದಿಲ್ಲ.

ಇಲ್ಲಿ ಅಳೆಯಬೇಕಾದದ್ದೂ ಇದೆ. ರೊಬಸ್ಟಾ ಕಾಫಿ ಗಿಡದ ಮೊಗ್ಗು ಬೇಸಗೆಯ ಹೂಮಳೆಗೆ ಕಾದು, ಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ಅರಳುತ್ತದೆ. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಬೇಕು. ಯಾವಾಗ, ಎಷ್ಟು ಹೊತ್ತು ಎಂಬ ಪ್ರಶ್ನೆಯನ್ನು ಕುಶಾಲನಗರದ ಎಂಜಿನಿಯರಿಂಗ್ ಕಾಲೇಜಿನವರೂ ಪೊನ್ನಂಪೇಟೆಯ ಅರಣ್ಯ ಕಾಲೇಜಿನವರೂ ಜೊತೆಗೂಡಿ ಎತ್ತಿಕೊಳ್ಳಬಹುದು.

ಮಣ್ಣಿನ ತೇವ ಅಳೆಯುವ ಅಗ್ಗದ ಸೆನ್ಸರನ್ನು ಇಎಸ್‌ಪಿ32 ಎಂಬ ಪುಟ್ಟ ಗಣಕ-ಚಿಪ್ಪಿಗೆ, ಅಂದರೆ ಮೈಕ್ರೋಕಂಟ್ರೋಲರ್‌ಗೆ ಜೋಡಿಸಿದರೆ 0ಯಿಂದ 4095ರವರೆಗಿನ ಒಂದು ಸಂಖ್ಯೆ ಬರುತ್ತದೆ. 2300 ಎಂದರೆ ಒದ್ದೆಯೋ ಒಣಗಿದೆಯೋ ಎಂಬುದು ಅದರಿಂದ ತಿಳಿಯದು. ಅದೇ ಮಣ್ಣನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಇಡೀ ದಿನ ಒಣಗಿಸಿ, ಮತ್ತೆ ತೂಗಿ ನೋಡಿ, ನೀರಿನ ಪ್ರಮಾಣಕ್ಕೂ ಆ ಸಂಖ್ಯೆಗೂ ನಂಟು ಕಂಡುಕೊಳ್ಳಬೇಕು. ತರಗೆಲೆ ಕೊಳೆತ ತೋಟದ ಮಣ್ಣಿಗೆ ಸಿಕ್ಕ ನಂಟು ಪಕ್ಕದ ಗದ್ದೆಯ ಜೇಡಿಗೆ ಒಗ್ಗುವುದಿಲ್ಲ.

ಮುಂದಿನ ತೊಡಕು ಮರಗಳದ್ದು. ಸಿಲ್ವರ್ ಓಕ್, ಹಾಲುವಾಣ, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿಗಳ ಒದ್ದೆ ಎಲೆಗಳ ನಡುವೆ ವೈಫೈ ಸಂಕೇತ ಬೇಗನೆ ಕ್ಷೀಣಿಸುತ್ತದೆ. 865–867 ಮೆಗಾಹರ್ಟ್ಸ್‌ನಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ ಲೋರಾ ರೇಡಿಯೊ ಹೆಚ್ಚು ದೂರ ತಲುಪುತ್ತದೆ, ಆದರೆ ಕೆಲವೇ ಅಕ್ಷರಗಳನ್ನು ಹೊತ್ತು. ರೇಡಿಯೊ ಸಂಕೇತ ಹಿಡಿಯಲು ಬಂಗಲೆಯಲ್ಲಿಟ್ಟ ಗೇಟ್‌ವೇ ಆ ಅಕ್ಷರಗಳನ್ನು ಎಂಕ್ಯೂಟಿಟಿ ಎಂಬ ನಿಯಮಾವಳಿಯಂತೆ ಇಂಟರ್‌ನೆಟ್ಟಿಗೆ ಕಳುಹಿಸುತ್ತದೆ. ಇದನ್ನು 1999ರಲ್ಲಿ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ರೂಪಿಸಿದ್ದು ಕೃಷಿಗಲ್ಲ, ತೈಲ ಕೊಳವೆಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು. ಸಂಪರ್ಕ ಹಠಾತ್ತನೆ ಕಡಿದರೆ ಸಾರಬೇಕಾದ ಸಂದೇಶವನ್ನು ಸಾಧನವು ಮೊದಲೇ ಬರೆದಿಡುವ ಸೌಲಭ್ಯವೂ ಅದರಲ್ಲಿದೆ. ಅದರ ಹೆಸರೇ ಉಯಿಲು. ಆದರೆ ಉಯಿಲು ಬರೆದಿರುವುದು ಗೇಟ್‌ವೇ, ಗಿಡದ ಬುಡದ ಸೆನ್ಸರ್ ಅಲ್ಲ. ಸೋಲಾರ್ ಫಲಕಕ್ಕೆ ಮರದ ನೆರಳು ಬಿದ್ದು ಸೆನ್ಸರಿನ ಬ್ಯಾಟರಿ ಸತ್ತರೂ ಗೇಟ್‌ವೇ ಬದುಕಿರುವುದರಿಂದ ಯಾವ ಉಯಿಲೂ ತೆರೆಯುವುದಿಲ್ಲ. ಮೊಬೈಲಿನ ಪರದೆ ಮೂರು ದಿನದ ಹಿಂದಿನ ತೇವವನ್ನೇ ತೋರಿಸುತ್ತ ಕುಳಿತಿರುತ್ತದೆ. ಪ್ರತಿ ಅಳತೆಯ ಜೊತೆ ಸಮಯವನ್ನೂ ಬರೆಯಬೇಕು ಎಂಬುದು ಇಲ್ಲಿ ಬಾಯಿಪಾಠದ ವಿಷಯವಾಗಿ ಉಳಿಯುವುದಿಲ್ಲ.

ಸೆಮಿಸ್ಟರಿನ ಕೊನೆಗೆ ಮೇಜಿನ ಮೇಲೆ ಕುಂಡವಿಟ್ಟು ತೋರಿಸುವ ಪ್ರದರ್ಶನಗಳ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ. ಉಪಕರಣವು ಹೂಮಳೆಯಿಂದ ಆಷಾಢದವರೆಗೆ ತೋಟದಲ್ಲೇ ಇರಲಿ, ಅಂಕ ಅದಾದ ಮೇಲೆ ಬರಲಿ. ಪಂಪನ್ನು ಮೊಬೈಲಿನಿಂದ ಚಾಲೂ ಮಾಡುವ ಹಂತವಂತೂ ಕಡೆಯದಾಗಿರಲಿ. ಆಗಲೂ ಕೆರೆಯ ನೀರು ತಳ ಮುಟ್ಟಿದಾಗ ಮೋಟಾರನ್ನು ನಿಲ್ಲಿಸುವ ಫ್ಲೋಟ್ ಸ್ವಿಚ್ಚನ್ನು ಇಂಟರ್‌ನೆಟ್ಟಿನ ಹಂಗಿಲ್ಲದೆ, ನೇರವಾಗಿ ಸ್ಟಾರ್ಟರ್‌ಗೆ ತಂತಿಯಲ್ಲೇ ಜೋಡಿಸಬೇಕು.