ಅಂಗಡಿಯವರೆಲ್ಲರಿಗೂ ಒಂದೇ ಪಾಸ್‌ವರ್ಡ್

ಲೆಕ್ಕಪರಿಶೋಧನೆಗೆ ಹೊಸ ಕಕ್ಷಿದಾರರ ಅಂಗಡಿಗೋ ಕಾರ್ಖಾನೆಗೋ ಹೋದಾಗ ನಾನು ಮೊದಲು ಕೇಳುವುದು ಲಾಭ–ನಷ್ಟದ ಪಟ್ಟಿಯನ್ನಲ್ಲ. ‘ಟ್ಯಾಲಿಯಲ್ಲಿ ಯಾರ್‍ಯಾರ ಹೆಸರಿನಲ್ಲಿ ಲಾಗಿನ್ ಇದೆ?’ ಎಂದು ಕೇಳುತ್ತೇನೆ. ಟ್ಯಾಲಿ ಎಂದರೆ ವ್ಯಾಪಾರದ ಲೆಕ್ಕ ಬರೆಯುವ ತಂತ್ರಾಂಶ. ದಾವಣಗೆರೆಯ ದಲ್ಲಾಳಿ ಅಂಗಡಿಯಾಗಲಿ, ಹರಿಹರದ ವರ್ಕ್‌ಶಾಪ್ ಆಗಲಿ, ಬೆಂಗಳೂರಿನ ಪೀಣ್ಯದ ಬಿಡಿಭಾಗದ ಕಾರ್ಖಾನೆಯಾಗಲಿ, ಬಹುತೇಕ ಕಡೆ ಬರುವ ಉತ್ತರ ಒಂದೇ: ‘ಅಡ್ಮಿನ್ ಅಂತ ಒಂದಿದೆ ಮೇಡಂ, ಎಲ್ಲರೂ ಅದನ್ನೇ ಬಳಸುತ್ತಾರೆ.’ ಪಾಸ್‌ವರ್ಡ್ ಯಾವುದೆಂದು ಕೇಳುವ ಅಗತ್ಯವೂ ಬೀಳುವುದಿಲ್ಲ. ಅಂಗಡಿಯ ಹೆಸರು, ಮುಂದೆ ಒಂದು ಎರಡು ಮೂರು. ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ಅದು ದೊಡ್ಡದಾಗಿ ಬರೆದಿರುತ್ತದೆ.

ಬೇರೆ ಬೇರೆ ಲಾಗಿನ್ ಮಾಡಿಕೊಳ್ಳಿ ಎಂದ ಕೂಡಲೇ ಯಜಮಾನರ ಮುಖ ಸಣ್ಣಗಾಗುತ್ತದೆ. ‘ನಮ್ಮ ಹುಡುಗರು ಮನೆಯವರಿದ್ದ ಹಾಗೆ. ಅವರ ಮೇಲೆ ಅನುಮಾನ ಪಡುವುದಕ್ಕಾಗುತ್ತದೆಯೇ?’ ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಹತ್ತಾರು ವರ್ಷ ಒಂದೇ ಅಂಗಡಿಯಲ್ಲಿ ದುಡಿದು, ಯಜಮಾನರ ಮಕ್ಕಳ ಮದುವೆಯಲ್ಲಿ ಓಡಾಡಿದ ಗುಮಾಸ್ತರನ್ನು ನಾನೂ ಬಲ್ಲೆ. ನನ್ನ ತಕರಾರು ಇರುವುದು ಆ ನಂಬಿಕೆಯ ಬಗ್ಗೆ ಅಲ್ಲ. ಲಾಗಿನ್ ಎಂದರೆ ಅನುಮಾನ ಎಂದು ಇವರು ತಿಳಿದುಕೊಂಡಿದ್ದಾರಲ್ಲ, ಅದರ ಬಗ್ಗೆ. ಎಷ್ಟು ಸಲ ಬಿಡಿಸಿ ಹೇಳಿದರೂ ಮುಂದಿನ ವರ್ಷ ಹೋದಾಗ ಅದೇ ಅಡ್ಮಿನ್, ಅದೇ ಚೀಟಿ. ಹಾಗಾಗಿ ಇಲ್ಲಿ ಒಮ್ಮೆ ನಿಧಾನವಾಗಿ ಹೇಳಿಬಿಡುತ್ತೇನೆ.

ಕೈಬರಹದ ಕಿರ್ದಿ–ಖಾತೆಯ ಕಾಲವನ್ನು ನೆನಪಿಸಿಕೊಳ್ಳಿ. ದೀಪಾವಳಿಗೆ ಪೂಜೆ ಮಾಡಿ ತೆರೆದ ಕೆಂಪು ಬಟ್ಟೆಯ ಪುಸ್ತಕದಲ್ಲಿ ಮೂವರು ಬರೆಯುತ್ತಿದ್ದರೆ, ಯಾವ ಸಾಲು ಯಾರದು ಎಂದು ಕೇಳುವ ಪ್ರಮೇಯವೇ ಇರಲಿಲ್ಲ. ಒಬ್ಬರ ಏಳು ಬಾಗಿರುತ್ತಿತ್ತು, ಇನ್ನೊಬ್ಬರ ಸೊನ್ನೆಗೆ ಬಾಲವಿರುತ್ತಿತ್ತು. ತಪ್ಪಾದರೆ ಅಳಿಸುವಂತಿಲ್ಲ. ಹಳೆಯ ಅಂಕಿ ಓದುವ ಹಾಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕಿತ್ತು. ಬ್ಲೇಡಿನಲ್ಲಿ ಕೆರೆದ ಪುಟ ಕಂಡರೆ ಹಿಂದಿನ ತಲೆಮಾರಿನ ಆಡಿಟರುಗಳು ಪುಸ್ತಕವನ್ನೇ ಮುಚ್ಚಿಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಎಲ್ಲರ ಅಕ್ಷರವೂ ಒಂದೇ ಆಯಿತು. ಕಳೆದುಹೋದ ಆ ಕೈಬರಹದ ಜಾಗಕ್ಕೆ ಬಂದದ್ದೇ ಬಳಕೆದಾರರ ಹೆಸರು. ಅದನ್ನೂ ಎಲ್ಲರಿಗೂ ಒಂದೇ ಮಾಡಿಟ್ಟರೆ, ಪುಸ್ತಕದಲ್ಲಿ ಬರೆದವರು ಯಾರು ಎಂಬ ಪ್ರಶ್ನೆಗೆ ಉತ್ತರವೇ ಉಳಿಯುವುದಿಲ್ಲ.

ಉತ್ತರವಿಲ್ಲದಿದ್ದಾಗ ಏಟು ಬೀಳುವುದು ಯಾರಿಗೆ? ಕದ್ದವರಿಗಲ್ಲ. ಪ್ರಾಮಾಣಿಕವಾಗಿ ಕೆಲಸ ಮಾಡುವ, ಆದರೆ ತಾನು ತಪ್ಪು ಮಾಡಿಲ್ಲವೆಂದು ತೋರಿಸಲು ಕೈಯಲ್ಲಿ ಏನೂ ಇಲ್ಲದ ನೌಕರರಿಗೆ. ನನ್ನ ಕಕ್ಷಿದಾರರಿಗೆ ಅರ್ಥವಾಗದೆ ಉಳಿದಿರುವುದು ಇದೊಂದೇ ಮಾತು.

ಒಂದು ಹಾರ್ಡ್‌ವೇರ್ ಮತ್ತು ಸ್ಯಾನಿಟರಿ ಸಾಮಾನಿನ ಅಂಗಡಿ. ತಂದೆ, ಇಬ್ಬರು ಮಕ್ಕಳು, ಕೌಂಟರಿನಲ್ಲಿ ಒಬ್ಬಳು ಹುಡುಗಿ, ಗೋದಾಮಿನಲ್ಲಿ ಇಬ್ಬರು. ಒಂದು ದಿನ ಕಟ್ಟಡದ ಗುತ್ತಿಗೆದಾರರೊಬ್ಬರು ಬಂದು, ‘ಹಿಂದಿನ ತಿಂಗಳು 38,000 ರೂಪಾಯಿ ನಗದು ಕೊಟ್ಟಿದ್ದೇನೆ, ಆದರೂ ಬಾಕಿ ತೋರಿಸುತ್ತಿದ್ದೀರಿ’ ಎಂದು ಮೊಬೈಲಿನಲ್ಲಿದ್ದ ರಸೀದಿಯ ಫೋಟೊ ತೋರಿಸಿದರು. ಅವರ ಖಾತೆಯಲ್ಲಿ ಆ ಜಮಾ ಇರಲಿಲ್ಲ. ನಗದು ಎಣಿಸುತ್ತಿದ್ದವಳು ಆ ಹುಡುಗಿ, ರಸೀದಿ ಕೊಟ್ಟವಳೂ ಅವಳೇ. ಯಾರೂ ಬಾಯಿಬಿಟ್ಟು ಕಳ್ಳಿ ಎನ್ನಲಿಲ್ಲ. ಆದರೆ ಅಂದಿನಿಂದ ಗಲ್ಲಾಪೆಟ್ಟಿಗೆಯ ಕೀಲಿ ಹಿರಿಯ ಮಗನ ಜೇಬು ಸೇರಿತು.

ನಾನು ನೋಡುವ ಹೊತ್ತಿಗೆ ಹತ್ತು ದಿನ ಕಳೆದಿತ್ತು. ಆ ದಿನದ ನಗದು ಪುಸ್ತಕ ಪೈಸೆಗೆ ಪೈಸೆ ಸರಿಯಾಗಿಯೇ ಇತ್ತು. ರಸೀದಿಯ ವೋಚರ್, ಅಂದರೆ ಟ್ಯಾಲಿಯಲ್ಲಿ ಆ ವ್ಯವಹಾರದ ಎಂಟ್ರಿ, ಅದರ ಸಂಖ್ಯೆಯೂ ಇತ್ತು. ಆದರೆ ಅದು ಅದೇ ಹೆಸರಿನ, ಬೇರೆ ಊರಿನ ಇನ್ನೊಬ್ಬ ಗುತ್ತಿಗೆದಾರರ ಖಾತೆಯಲ್ಲಿ ಕುಳಿತಿತ್ತು. ಪುಣ್ಯಕ್ಕೆ ಎಡಿಟ್ ಲಾಗ್, ಅಂದರೆ ಯಾವ ಎಂಟ್ರಿಯನ್ನು ಯಾವಾಗ, ಯಾವ ಹೆಸರಿನಲ್ಲಿ ಬದಲಿಸಲಾಯಿತು ಎಂಬ ದಾಖಲೆ, ಚಾಲೂ ಇತ್ತು. ತೆರೆದು ನೋಡಿದರೆ ಎರಡು ಸಾಲು. ಮಧ್ಯಾಹ್ನ ಎಂಟ್ರಿ ಮಾಡಿದ್ದು ಅಡ್ಮಿನ್. ರಾತ್ರಿ ಒಂಬತ್ತು ದಾಟಿದ ಮೇಲೆ ಪಾರ್ಟಿಯ ಹೆಸರು ಬದಲಿಸಿದ್ದೂ ಅಡ್ಮಿನ್. ಹುಡುಗಿ ಆರೂವರೆಯ ಬಸ್ಸಿಗೆ ಮನೆಗೆ ಹೋಗುತ್ತಾಳೆಂದು ಎಲ್ಲರಿಗೂ ಗೊತ್ತು. ಆದರೂ ತಂದೆ, ‘ಹೋಗುವ ಮೊದಲು ಯಾರಿಗಾದರೂ ಹೇಳಿ ಮಾಡಿಸಿರಬಹುದಲ್ಲ’ ಎಂದರು. ಅನುಮಾನ ಒಮ್ಮೆ ಹೊಕ್ಕರೆ ಹಾಗೆ, ಅದಕ್ಕೆ ಬೇಕಾದ ದಾರಿಯನ್ನು ಅದೇ ಹುಡುಕಿಕೊಳ್ಳುತ್ತದೆ. ಕೊನೆಗೆ ನೆನಪಾದದ್ದು ಕಿರಿಯ ಮಗನಿಗೆ. ರಾತ್ರಿ ಬಾಕಿ ಪಟ್ಟಿ ತಾಳೆ ನೋಡುವಾಗ, ತಪ್ಪಾಗಿದೆ ಎಂದುಕೊಂಡು ತಾನೇ ಬದಲಿಸಿ ಮರೆತುಬಿಟ್ಟಿದ್ದ. ದುರುದ್ದೇಶ ಯಾರಿಗೂ ಇರಲಿಲ್ಲ, ಒಂದು ರೂಪಾಯಿಯೂ ಕಳೆದಿರಲಿಲ್ಲ. ಅಷ್ಟರಲ್ಲಿ ಹುಡುಗಿ ಕೆಲಸಕ್ಕೆ ಬರುವುದನ್ನು ನಿಲ್ಲಿಸಿದ್ದಳು. ತಂದೆ–ಮಗ ಅವಳ ಮನೆಗೆ ಹೋಗಿ ಕ್ಷಮೆ ಕೇಳಿದರು. ಅವಳು ಕಾಫಿ ಕೊಟ್ಟು ಕಳಿಸಿದಳು, ಮರಳಿ ಬರಲಿಲ್ಲ. ಆ ಎರಡು ಸಾಲುಗಳ ಮುಂದೆ ಎರಡು ಬೇರೆ ಹೆಸರುಗಳಿದ್ದಿದ್ದರೆ ಎಲ್ಲವೂ ಐದು ನಿಮಿಷದಲ್ಲಿ ಮುಗಿಯುತ್ತಿತ್ತು.

ಈಗ ಕಾನೂನಿನ ಮಾತು. ಕಂಪನಿಗಳ ಲೆಕ್ಕಪತ್ರ ನಿಯಮಗಳಿಗೆ 2021ರ ಮಾರ್ಚ್‌ನಲ್ಲಿ ತಿದ್ದುಪಡಿ ತರಲಾಯಿತು. ಎರಡು ಬಾರಿ ಮುಂದಕ್ಕೆ ಹೋಗಿ 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಕಂಪನಿಯೊಂದು ಲೆಕ್ಕಕ್ಕೆ ಬಳಸುವ ತಂತ್ರಾಂಶ ಪ್ರತಿಯೊಂದು ವ್ಯವಹಾರದ ಜಾಡನ್ನು, ಪ್ರತಿಯೊಂದು ಬದಲಾವಣೆಯನ್ನು ದಿನಾಂಕ ಸಹಿತ ದಾಖಲಿಸಬೇಕು. ಆ ದಾಖಲೆಯನ್ನು ನಿಲ್ಲಿಸಲು ಆಗಕೂಡದು. ಜಾಡು ವರ್ಷವಿಡೀ ನಡೆದಿದೆಯೇ, ಅದನ್ನು ಯಾರಾದರೂ ತಿದ್ದಿದ್ದಾರೆಯೇ ಎಂದು ನಾವು ಲೆಕ್ಕಪರಿಶೋಧಕರು ವರದಿಯಲ್ಲಿ ಬರೆಯಲೇಬೇಕು. ನಿಯಮದ ವಾಕ್ಯದಲ್ಲಿ ಎದ್ದು ಕಾಣುವುದು ದಿನಾಂಕದ ಮಾತು. ಯಾರು ಬದಲಿಸಿದರು ಎಂಬುದೂ ಇರಬೇಕು, ಒಬ್ಬರ ಬಳಕೆದಾರ ಹೆಸರನ್ನು ಇನ್ನೊಬ್ಬರು ಬಳಸಬಾರದು ಎಂಬುದನ್ನು ನಮ್ಮ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ಮಾರ್ಗದರ್ಶಿ ಹೇಳುತ್ತದೆ. ‘ಎಡಿಟ್ ಲಾಗ್ ಇರುವ ಟ್ಯಾಲಿ ಹಾಕಿಸಿದ್ದೇವೆ, ಕಾನೂನು ಪಾಲಿಸಿದಂತಾಯಿತು’ ಎಂದು ಕೆಲವು ನಿರ್ದೇಶಕರು ನಿಶ್ಚಿಂತರಾಗಿರುತ್ತಾರೆ. ಸಾವಿರಾರು ಸಾಲುಗಳಲ್ಲೂ ಅಡ್ಮಿನ್ ಎಂದೇ ಇರುವ ಲಾಗ್ ನನ್ನ ಮೇಜಿಗೆ ಬಂದರೆ, ಆ ನಿಶ್ಚಿಂತೆಯಲ್ಲಿ ನಾನು ಪಾಲು ತೆಗೆದುಕೊಳ್ಳಲಾರೆ.

ಈ ನಿಯಮ ಕಂಪನಿಗಳಿಗೆ ಮಾತ್ರ. ಪಾಲುದಾರಿಕೆಗೆ, ಒಬ್ಬರದೇ ಒಡೆತನದ ಅಂಗಡಿಗೆ ಇದು ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಜಿಎಸ್‌ಟಿ ನೋಂದಣಿ ಇರುವವರು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಕಾಯ್ದಿಡಬೇಕು ಎಂಬುದು ಎಲ್ಲರಿಗೂ ಇರುವ ಬಾಧ್ಯತೆ. ನಿಮ್ಮ ಸಂಸ್ಥೆಗೆ ಇನ್ನೇನು ಅನ್ವಯಿಸುತ್ತದೆ ಎಂಬುದನ್ನು ನಿಮ್ಮ ಆಡಿಟರ್ ಬಳಿ ಕೇಳಿಯೇ ತೀರ್ಮಾನಿಸಿ. ಅಂಕಣ ಓದಿ ನಿರ್ಧಾರಕ್ಕೆ ಬರಬೇಡಿ.

‘ಬೇರೆ ಬೇರೆ ಲಾಗಿನ್ ಬೇಕಾದರೆ ದುಬಾರಿ ಲೈಸೆನ್ಸ್ ಕೊಳ್ಳಬೇಕಂತೆ’ ಎಂಬ ಮಾತನ್ನೂ ಬಹಳ ಕೇಳಿದ್ದೇನೆ. ಹಾಗೇನಿಲ್ಲ. ಟ್ಯಾಲಿಯ ಸಿಲ್ವರ್ ಲೈಸೆನ್ಸ್ ಒಂದು ಕಂಪ್ಯೂಟರಿಗೆ ಎಂದಷ್ಟೇ ಅರ್ಥ. ಆ ಒಂದೇ ಕಂಪ್ಯೂಟರಿನಲ್ಲಿ ಎಷ್ಟು ಜನರಿಗೆ ಬೇಕಾದರೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಮಾಡಿಕೊಡಬಹುದು. ಒಂದೇ ಹೊತ್ತಿಗೆ ಹಲವು ಕಂಪ್ಯೂಟರುಗಳಲ್ಲಿ ಕೆಲಸ ನಡೆಯಬೇಕಿದ್ದರೆ ಮಾತ್ರ ಗೋಲ್ಡ್ ಬೇಕು. ಟ್ಯಾಲಿ 1986ರಲ್ಲಿ ಬೆಂಗಳೂರಿನ ವ್ಯಾಪಾರಿ ಕುಟುಂಬವೊಂದು ತನ್ನದೇ ವ್ಯವಹಾರದ ಲೆಕ್ಕಕ್ಕೆ ಸರಿಯಾದ ತಂತ್ರಾಂಶ ಸಿಗದೆ ಬರೆದುಕೊಂಡದ್ದು. ತಂದೆ ಶ್ಯಾಮ್ ಸುಂದರ್ ಗೋಯೆಂಕಾ ಕೇಳಿದರು, ಮಗ ಭರತ್ ಬರೆದರು. ಯಜಮಾನನಿಗೊಂದು, ಎಂಟ್ರಿ ಮಾಡುವವನಿಗೊಂದು ಎಂದು ಬೇರೆ ಬೇರೆ ಅಧಿಕಾರ ಕೊಡುವ ವ್ಯವಸ್ಥೆ ಅದರೊಳಗೇ ಇದೆ. ಎಷ್ಟು ದಿನ ಹಿಂದಿನ ದಿನಾಂಕಕ್ಕೆ ಎಂಟ್ರಿ ಹಾಕಬಹುದು ಎಂಬುದನ್ನೂ ಒಬ್ಬೊಬ್ಬರಿಗೆ ಒಂದೊಂದು ಥರ ಗೊತ್ತುಮಾಡಬಹುದು. 20ನೇ ತಾರೀಖಿಗೆ ಜಿಎಸ್‌ಟಿಯ ತಿಂಗಳ ರಿಟರ್ನ್ ಆದ ಜಿಎಸ್‌ಟಿಆರ್–3ಬಿ ಸಲ್ಲಿಸಿದ ಮೇಲೆ ಹಿಂದಿನ ತಿಂಗಳಿಗೆ ಯಾರೋ ಒಂದು ಬಿಲ್ ತೂರಿಸಿ, ವರ್ಷದ ಕೊನೆಯಲ್ಲಿ ಪುಸ್ತಕಕ್ಕೂ ಪೋರ್ಟಲಿಗೂ ತಾಳೆಯಾಗದೆ ನಾವೆಲ್ಲ ತಲೆ ಕೆಡಿಸಿಕೊಳ್ಳುವುದು ಇದೊಂದು ಕಟ್ಟುಪಾಡಿನಿಂದಲೇ ತಪ್ಪುತ್ತದೆ.

ಸರಕು ಸಾಗಿಸಲು ಬೇಕಾದ ಇ–ವೇ ಬಿಲ್ ಮತ್ತು ಮಾರಾಟದ ಬಿಲ್ಲನ್ನು ಆನ್‌ಲೈನ್‌ನಲ್ಲಿ ನೋಂದಾಯಿಸುವ ಇ–ಇನ್‌ವಾಯ್ಸ್ ಪೋರ್ಟಲುಗಳಲ್ಲಿ 2025ರ ಏಪ್ರಿಲ್ 1ರಿಂದ ಎಲ್ಲ ವರ್ತಕರಿಗೂ ಒಟಿಪಿ ಕಡ್ಡಾಯವಾಗಿದೆ. ಅಂದಿನಿಂದ ಯಜಮಾನರ ಫೋನ್ ದಿನವಿಡೀ ಒಟಿಪಿ ಹೇಳುವುದಕ್ಕೇ ಮೀಸಲಾಗಿದೆ. ಮದುವೆ ಊಟದ ಪಂಕ್ತಿಯಲ್ಲಿ ಕುಳಿತು ಲಾರಿ ಹೊರಡಿಸಲು ಒಟಿಪಿ ಓದಿ ಹೇಳುವವರನ್ನು ಕಂಡಿದ್ದೇನೆ. ಹೀಗೆ ಸಂಖ್ಯೆ ಓದಿ ಹೇಳುವ ರೂಢಿ ಬಿದ್ದವರು ಒಂದು ದಿನ ಬ್ಯಾಂಕಿನ ಒಟಿಪಿಯನ್ನೂ ಹಾಗೆಯೇ ಓದಿಬಿಡುತ್ತಾರೆ ಎಂಬ ಭಯ ನನಗಿದೆ. ಆ ಪೋರ್ಟಲುಗಳಲ್ಲಿ ಉಪ ಬಳಕೆದಾರರನ್ನು ಸೇರಿಸಿ, ಅವರವರ ಮೊಬೈಲಿಗೇ ಒಟಿಪಿ ಬರುವಂತೆ ಮಾಡಿಕೊಳ್ಳಬಹುದು.

ಇನ್ನು ‘ಆ ಬಿಲ್ ತೆಗೆದುಬಿಡು’ ಎಂಬ ಅಪ್ಪಣೆಯ ವಿಷಯ. ವೋಚರ್ ಅಳಿಸುವುದೂ ರದ್ದು ಮಾಡುವುದೂ ಒಂದೇ ಅಲ್ಲ. ಟ್ಯಾಲಿಯಲ್ಲಿ ಆಲ್ಟ್ ಕೀಲಿಯೊಂದಿಗೆ ಡಿ ಒತ್ತಿದರೆ ವೋಚರ್ ಪುಸ್ತಕದಿಂದಲೇ ಹೋಗುತ್ತದೆ. ಆಲ್ಟ್ ಎಕ್ಸ್ ಒತ್ತಿದರೆ ಸಂಖ್ಯೆ ಉಳಿದು ರದ್ದಾಗಿದೆ ಎಂದು ತೋರಿಸುತ್ತದೆ. ಎಂಟ್ರಿ ಮಾಡುವವರಿಗೆ ಅಳಿಸುವ ಅಧಿಕಾರವನ್ನೇ ಕೊಡಬೇಡಿ. ಗುಮಾಸ್ತರಿಗೂ ಒಂದು ಮಾತು. ಯಜಮಾನರು ಹೇಳಿದ್ದಕ್ಕೆ ಬದಲಿಸುತ್ತಿದ್ದರೆ ವೋಚರಿನ ಕೆಳಗೆ ವಿವರಣೆ ಬರೆಯುವ ಜಾಗವಾದ ನರೇಷನ್‌ನಲ್ಲಿ ಕಾರಣವನ್ನೂ, ಯಾರ ಸೂಚನೆ ಎಂಬುದನ್ನೂ ಬರೆದಿಡಿ. ಇದು ಅವಿಧೇಯತೆಯಲ್ಲ. ನಾಳೆ ಯಜಮಾನರೇ ಮರೆತಾಗ ನಿಮ್ಮ ಪರವಾಗಿ ಮಾತಾಡುವುದು ಆ ಒಂದು ಸಾಲು. ಯಜಮಾನರೇ, ಹಾಗೆ ಬರೆದವರ ಮೇಲೆ ಸಿಟ್ಟಾಗಬೇಡಿ. ಬರೆಯುವುದಕ್ಕೆ ನಾಚಿಕೆಯಾಗುವ ಸೂಚನೆಯಾಗಿದ್ದರೆ ಕೊಡಲೇಬೇಡಿ.

ಬೇರೆ ಬೇರೆ ಲಾಗಿನ್ ಮಾಡಿದ ಮಾತ್ರಕ್ಕೆ ಮೋಸ ನಿಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. ಮೊದಲೇ ಸುಳ್ಳು ಅಂಕಿ ಹಾಕಿದರೆ ಲಾಗ್ ಆ ಸುಳ್ಳನ್ನೇ ಚೆನ್ನಾಗಿ ಕಾಯ್ದಿಡುತ್ತದೆ. ಸರಕನ್ನು ಎಣಿಸಲೇಬೇಕು, ಬ್ಯಾಂಕಿನ ಸ್ಟೇಟ್‌ಮೆಂಟ್ ತಾಳೆ ನೋಡಲೇಬೇಕು. ಲಾಗನ್ನು ಯಾರೂ ತೆರೆದು ನೋಡದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ತಿಂಗಳಿಗೊಮ್ಮೆ, ರಿಟರ್ನ್ ಸಲ್ಲಿಸುವ ಮುನ್ನ, ತಿದ್ದಿದ ಮತ್ತು ಅಳಿಸಿದ ವೋಚರುಗಳ ಪಟ್ಟಿ ತೆಗೆದು ಕಣ್ಣಾಡಿಸಿ. ಅರ್ಧ ಗಂಟೆಯ ಕೆಲಸ. ಬ್ಯಾಕಪ್ ವಿಷಯ ಇಲ್ಲಿ ಬೆಳೆಸುವುದಿಲ್ಲ. ಕಂಪನಿಗಳಿಗೆ ಪ್ರತಿದಿನದ ಬ್ಯಾಕಪ್ ಭಾರತದಲ್ಲೇ ಇರುವ ಸರ್ವರಿನಲ್ಲಿ ಇರಬೇಕೆಂಬ ನಿಯಮವಿದೆ. ಉಳಿದವರು ಕನಿಷ್ಠ ಪಕ್ಷ, ತೆಗೆದಿಟ್ಟ ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ.

ಲಾಗಿನ್ ವಿಷಯದಲ್ಲಿ ಜನ ತಪ್ಪುವುದು ಎರಡು ಸಂದರ್ಭಗಳಲ್ಲಿ. ಒಬ್ಬರು ರಜೆ ಹೋದಾಗ ಅವರ ಪಾಸ್‌ವರ್ಡ್ ಕೇಳಿ ಪಡೆದು ಇನ್ನೊಬ್ಬರು ಕೂರುತ್ತಾರೆ. ಹಾಗೆ ಮಾಡದೆ, ಬದಲಿಗೆ ಕೂರುವವರ ಹೆಸರಿಗೇ ಅಷ್ಟು ದಿನದ ಮಟ್ಟಿಗೆ ಅದೇ ಅಧಿಕಾರ ಕೊಡಿ. ಕೆಲಸ ಬಿಟ್ಟು ಹೋದವರ ಲಾಗಿನ್ನನ್ನು ಹೊಸಬರಿಗೆ ದಾಟಿಸುವುದು ಎರಡನೆಯದು. ಹೋದವರ ಪ್ರವೇಶವನ್ನು ಅದೇ ಸಂಜೆ ನಿಲ್ಲಿಸಿ, ಹೊಸಬರಿಗೆ ಹೊಸ ಹೆಸರು ಮಾಡಿಕೊಡಿ. ಎಂಟ್ರಿ ಮಾಡಿ ಹೋದವರು ಅಲ್ಲಿ ಎಂಟ್ರಿ ಮಾಡಿದವರಾಗಿಯೇ ಉಳಿಯಲಿ. ರಿಪೇರಿಗೆ ಬರುವ ಹುಡುಗನಿಗೂ, ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ತಂತ್ರಾಂಶದಲ್ಲಿ ಕೂರುವವನಿಗೂ ಇದೇ ನಿಯಮ ಇರಲಿ. ಅವರ ಕೆಲಸ ಮುಗಿದಾಗ ಅವರ ಪ್ರವೇಶವೂ ಮುಗಿಯಬೇಕು.

ಅಡ್ಮಿನ್ ಪಾಸ್‌ವರ್ಡ್ ಯಜಮಾನರೊಬ್ಬರಿಗೇ ಗೊತ್ತಿದ್ದು, ಅವರು ದಿನದ ಕೆಲಸಕ್ಕೆ ಅದನ್ನು ಬಳಸದೆ, ನೋಡುವುದಕ್ಕೆ ಮಾತ್ರ ಅಧಿಕಾರವಿರುವ ಇನ್ನೊಂದು ಹೆಸರಿನಲ್ಲಿ ಬರುವುದು ಒಳ್ಳೆಯದು. ಆ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಅಂಟಿನ ಮೇಲೆ ಇಬ್ಬರು ಪಾಲುದಾರರು ಸಹಿ ಮಾಡಿ ಲಾಕರಿನಲ್ಲಿಡಿ. ಇಡೀ ಲೆಕ್ಕವನ್ನೇ ಪಾಸ್‌ವರ್ಡ್ ಇಲ್ಲದೆ ತೆರೆಯದಂತೆ ಬೀಗ ಹಾಕುವ ಟ್ಯಾಲಿ ವಾಲ್ಟ್ ಬಳಸುವವರಂತೂ ಇದನ್ನು ನಾಳೆಗೆ ಮುಂದೂಡಬೇಡಿ. ವಾಲ್ಟ್ ಪಾಸ್‌ವರ್ಡ್ ಮರೆತರೆ ಅದನ್ನು ತೆಗೆದುಕೊಡುವ ಉಪಾಯ ನಮ್ಮ ಬಳಿಯೂ ಇಲ್ಲ, ಕಂಪನಿಯವರ ಬಳಿಯೂ ಇಲ್ಲ.