ಹಾಡು ನಾಲ್ವರದು, ಹಕ್ಕು ಯಾರದು? ಸಣ್ಣ ಉದ್ಯಮ ಮತ್ತು ಕಾಪಿರೈಟ್: ಅಧ್ಯಯನ ಟಿಪ್ಪಣಿ

ಉದ್ಯಮ ಕಟ್ಟುವುದು ಒಂದು ಘಟಕ, ಕಾಪಿರೈಟ್ ಇನ್ನೊಂದು ಘಟಕ ಎಂದು ನಾವು ಬೇರೆ ಬೇರೆಯಾಗಿ ಓದುತ್ತೇವೆ. ಬಾಗಲಕೋಟೆ ಜಿಲ್ಲೆಯಲ್ಲಿ ಕೂತು ನೋಡಿದರೆ ಎರಡೂ ಒಂದೇ ಜಗಳದಲ್ಲಿ ಸಿಗುತ್ತವೆ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆ ಮುಂದೆ ಸಾಲುಗಟ್ಟಿ ನಿಂತ ಟ್ರ್ಯಾಕ್ಟರುಗಳಲ್ಲಿ ಮೊಳಗುವ ಜಾನಪದ ಹಾಡುಗಳನ್ನೇ ತೆಗೆದುಕೊಳ್ಳಿ. ಎಷ್ಟೋ ಹಾಡುಗಳನ್ನು ನಮ್ಮ ಕಡೆಯ ಹುಡುಗರೇ ಬರೆದು, ಸಣ್ಣ ಕೋಣೆಯ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿ, ಯೂಟ್ಯೂಬಿಗೆ ಏರಿಸಿರುತ್ತಾರೆ. ಹಾಡು ಓಡದಿದ್ದರೆ ತಕರಾರಿಲ್ಲ. ಓಡಿತೋ, ಲೆಕ್ಕ ಕೇಳುವವರು ಎದ್ದು ನಿಲ್ಲುತ್ತಾರೆ.

ಕಲ್ಪಿತ ಪ್ರಕರಣವೊಂದನ್ನು ಇಟ್ಟುಕೊಂಡು ಓದೋಣ. ಮುಧೋಳದಲ್ಲಿ ನಾಲ್ವರು ಸೇರಿ ಒಂದು ಹಾಡು ಮಾಡುತ್ತಾರೆ. ಒಬ್ಬ ಬರೆದವ, ಒಬ್ಬ ರಾಗ ಹಾಕಿದವ, ಒಬ್ಬಳು ಹಾಡಿದಾಕಿ, ಇನ್ನೊಬ್ಬ ಚಾನೆಲ್ ಇದ್ದವ. ಸ್ಟುಡಿಯೋ ಗಂಟೆ ಬಾಡಿಗೆಯದು, ಖರ್ಚು ನಾಲ್ವರೂ ಸಮ ಹಾಕಿದ್ದಾರೆ. ಕಾಗದಪತ್ರ ಏನೂ ಇಲ್ಲ. ಹಾಡು ಹಿಟ್ ಆದ ಮೇಲೆ ಚಾನೆಲ್‌ನವ "ಚಾನೆಲ್ ನಂದು, ಹಾಡೂ ನಂದ" ಅನ್ನುತ್ತಾನೆ. "ಬರದಾಂವ ನಾ ಅದೇನಿ, ನಿಂದ್ ಹೆಂಗ ಆಕ್ಕೈತಿ?" ಅನ್ನುತ್ತಾನೆ ಬರೆದವ. ಸ್ಟುಡಿಯೋದವನೂ ನಡುವೆ ಬಾಯಿ ಹಾಕುತ್ತಾನೆ: ರೆಕಾರ್ಡ್ ಮಾಡಿದವನು ತಾನಲ್ಲವೇ?

ಮೊದಲು ತಿಳಿಯಬೇಕಾದದ್ದು, 1957ರ ಕಾಪಿರೈಟ್ ಕಾಯ್ದೆಯ ಕಣ್ಣಿಗೆ 'ಹಾಡು' ಎಂಬ ಒಂದೇ ವಸ್ತು ಕಾಣುವುದಿಲ್ಲ. ಪದಗಳು ಸಾಹಿತ್ಯ ಕೃತಿ. ರಾಗ ಸಂಗೀತ ಕೃತಿ. ಸ್ವರಲಿಪಿ ಬರೆದಿಡದಿದ್ದರೂ ರಾಗ ಹಾಕಿದವನೇ ಅದರ ಕರ್ತೃ, ಬಾಯಲ್ಲಿ ಗುನುಗಿ ಹೇಳಿಕೊಡುವ ನಮ್ಮ ಕಡೆಯವರಿಗೆ ಇದು ದೊಡ್ಡ ಅನುಕೂಲ. ರೆಕಾರ್ಡ್ ಆದ ಧ್ವನಿ ಮತ್ತೊಂದು ಕೃತಿ. ಮೇಲೆ ವಿಡಿಯೋ ಕಟ್ಟಿದರೆ ಅದು ಸಿನಿಮಾಟೋಗ್ರಾಫ್ ಫಿಲ್ಮ್ ಎನಿಸಿಕೊಳ್ಳುತ್ತದೆ, ಹೊಲದಲ್ಲಿ ಮೊಬೈಲಿನಿಂದ ತೆಗೆದದ್ದಾದರೂ ಸರಿ. ಹಾಡಿದಾಕಿಗೆ ಕಾಪಿರೈಟ್ ಅಲ್ಲ, ಪ್ರದರ್ಶಕಿಯ ಹಕ್ಕು, ಅದೂ 50 ವರ್ಷ. ಬರೆದವನಿಗೂ ರಾಗದವನಿಗೂ ಜೀವಮಾನವಿಡೀ, ಸತ್ತ ನಂತರ 60 ವರ್ಷ. ಧ್ವನಿಮುದ್ರಣಕ್ಕೂ ವಿಡಿಯೋಕ್ಕೂ ಪ್ರಕಟವಾದ ಮೇಲೆ 60 ವರ್ಷ. ಎಣಿಕೆ ಯಾವಾಗಲೂ ಮರುವರ್ಷದ ಜನವರಿ 1ರಿಂದ. ದ.ರಾ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕವಿತೆಗಳು 2041ರ ಡಿಸೆಂಬರ್ 31ರವರೆಗೆ ರಕ್ಷಣೆಯಲ್ಲಿರುತ್ತವೆ. "ಹಳೇ ಕವಿತಾ, ಯಾರ್ ಕೇಳ್ತಾರ" ಎಂದು ಬೀಟ್ ಹಾಕಿ ಬಿಟ್ಟರೆ ಕೇಳುವವರು ಇದ್ದೇ ಇದ್ದಾರೆ.

ಬೀಸುವ ಕಲ್ಲಿನ ತ್ರಿಪದಿ, ಡೊಳ್ಳಿನ ಪದ ಬೇರೆ ಮಾತು. ಯಾರು ಕಟ್ಟಿದರೆಂದು ಗೊತ್ತಿಲ್ಲದೆ ತಲೆಮಾರುಗಳಿಂದ ಬಂದ ಪದಕ್ಕೆ ಈಗ ಒಡೆಯನಿಲ್ಲ. ಅದರ ಎರಡು ಸಾಲು ತೆಗೆದುಕೊಂಡು ನೀವು ಎಂಟು ಸಾಲು ಸೇರಿಸಿದರೆ ಎಂಟು ನಿಮ್ಮವು, ಆ ಎರಡು ಎಲ್ಲರವೂ. ಆದರೆ ಅದೇ ತ್ರಿಪದಿಯನ್ನು ಬೇರೆಯವರು ಮಾಡಿದ ರೆಕಾರ್ಡಿಂಗಿನಿಂದ ಕತ್ತರಿಸಿ ಬಳಸುವಂತಿಲ್ಲ. ಪದ ಊರಿನದಾದರೂ ಆ ಧ್ವನಿಮುದ್ರಣಕ್ಕೆ ಒಡೆಯನಿದ್ದಾನೆ.

ಇನ್ನು ಸ್ಟುಡಿಯೋದವನ ವಾದ. ಧ್ವನಿಮುದ್ರಣದ ಕರ್ತೃ 'ನಿರ್ಮಾಪಕ' ಎನ್ನುತ್ತದೆ ಕಾಯ್ದೆ. ಯಾರು ನಿರ್ಮಾಪಕ? ಆ ಕೆಲಸ ಆಗಬೇಕೆಂದು ಮುಂದೆ ಬಿದ್ದು, ಹೊಣೆ ಹೊತ್ತವನು. ಮೈಕ್ ಇಟ್ಟು, ಮಿಕ್ಸ್ ಮಾಡಿ, ಗಂಟೆ ಲೆಕ್ಕದಲ್ಲಿ ಬಾಡಿಗೆ ಪಡೆದವನು ಅಷ್ಟಕ್ಕೇ ನಿರ್ಮಾಪಕ ಆಗುವುದಿಲ್ಲ. ನಮ್ಮ ಪ್ರಕರಣದಲ್ಲಿ ಹಣ ಹಾಕಿ ಹೊಣೆ ಹೊತ್ತವರು ನಾಲ್ವರು, ಹಾಗಾಗಿ ಧ್ವನಿಮುದ್ರಣ ನಾಲ್ವರದೂ ಎಂದು ವಾದಿಸಬಹುದು. ಚಾನೆಲ್‌ನವನ ಹತ್ತಿರ ಇರುವುದು ಗೂಗಲ್ ಜೊತೆಗಿನ ಒಂದು ಖಾತೆ. ದುಡ್ಡು ಆ ಖಾತೆಗೆ ಜೋಡಿಸಿದ ಬ್ಯಾಂಕಿಗೆ ಬರುತ್ತದೆ, ನಿಜ. ದುಡ್ಡು ಕೈಗೆ ಬಂದ ಮಾತ್ರಕ್ಕೆ ಹಕ್ಕು ಬಂದಂತಲ್ಲ. ಈ ವ್ಯತ್ಯಾಸ ಹಿಡಿದರೆ ಅರ್ಧ ಅಧ್ಯಾಯ ಮುಗಿದ ಹಾಗೆ.

"ಪೂರ್ತಿ ರೈಟ್ಸ್ ಕೊಟ್ಟೇನಿ" ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಹಕ್ಕು ಬಾಯಿಮಾತಿನಲ್ಲಿ ಕೈ ಬದಲಾಗುವುದಿಲ್ಲ. ಕಲಂ 19ರ ಪ್ರಕಾರ ಬರವಣಿಗೆ ಬೇಕು, ಕೊಡುವವನ ಸಹಿ ಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಹಣ ಎಂದು ಬರೆದಿರಬೇಕು. ಕಾಲ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಪಡೆದವನು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದೆ ಬಿಟ್ಟರೆ, ಕರಾರಿನಲ್ಲಿ ಬೇರೆ ಹೇಳಿರದಿದ್ದರೆ, ಅದು ಬಿದ್ದುಹೋಗುತ್ತದೆ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಧ್ವನಿಮುದ್ರಣದಲ್ಲಿ ಸೇರಿದ ಪದ ಮತ್ತು ರಾಗದ ಕರ್ತೃಗಳು ಹಕ್ಕು ಮಾರಿದರೂ ರಾಯಲ್ಟಿಯಲ್ಲಿ (ಕೃತಿ ಬಳಸಿದ್ದಕ್ಕೆ ಬರುವ ಹಣದಲ್ಲಿ) ಸಮಪಾಲು ಕೇಳುವ ಹಕ್ಕನ್ನು ಮಾರಲು ಬರುವುದಿಲ್ಲ ಎಂದಿದೆ. ವಾರಸುದಾರರಿಗೆ ಅಥವಾ ಹಕ್ಕುದಾರರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಕಾಪಿರೈಟ್ ಸೊಸೈಟಿಗೆ ಕೊಡಬಹುದು, ಅಷ್ಟೇ. ಎರಡು ಸಾವಿರ ರೂಪಾಯಿ ಕೊಟ್ಟು "ಇನ್ನು ಏನೂ ಕೇಳೂದಿಲ್ಲ" ಎಂದು ಬರೆಸಿಕೊಂಡರೂ ಆ ಸಾಲು ಊರ್ಜಿತವಲ್ಲ. ನನ್ನ ಮಟ್ಟಿಗೆ ಇಡೀ ಕಾಯ್ದೆಯಲ್ಲಿ ಹಳ್ಳಿಯ ಪದಗಾರನಿಗೆ ಇದಕ್ಕಿಂತ ಉಪಯೋಗದ ಮಾತು ಇನ್ನೊಂದಿಲ್ಲ. ಆದರೆ ಇದನ್ನು ಬಲ್ಲವರು ಕಡಿಮೆ.

ಈಗ ಉದ್ಯಮದ ಕಡೆ ಬರೋಣ. ಒಬ್ಬರೇ ನಡೆಸುವ ಉದ್ಯಮದಲ್ಲಿ ಅಂಗಡಿಗೂ ಮಾಲೀಕನಿಗೂ ಕಾನೂನು ಬೇರೆ ಮಾಡುವುದಿಲ್ಲ. ಪ್ಯಾನ್ ಮಾಲೀಕನದೇ, ಸಾಲ ಅವನದೇ, ಕಾಪಿರೈಟೂ ಅವನದೇ. ಪ್ಯಾನ್ ಕಾರ್ಡಿನ ನಾಲ್ಕನೇ ಅಕ್ಷರ ನೋಡಿದರೆ ಯಾರ ಜೊತೆ ವ್ಯವಹಾರ ಮಾಡುತ್ತಿದ್ದೀರಿ ಎಂದು ತಿಳಿಯುತ್ತದೆ: 'ಪಿ' ಇದ್ದರೆ ವ್ಯಕ್ತಿ, 'ಎಫ್' ಇದ್ದರೆ ಪಾಲುದಾರಿಕೆ ಫರ್ಮ್, 'ಸಿ' ಇದ್ದರೆ ಕಂಪನಿ. ಎಷ್ಟೋ ಸಲ 'ನಮ್ಮ ಕಂಪನಿ' ಅನ್ನುವವರ ಕಾರ್ಡಿನಲ್ಲಿ 'ಪಿ' ಇರುತ್ತದೆ.

ಮುಧೋಳದ ನಾಲ್ವರು 1932ರ ಪಾಲುದಾರಿಕೆ ಕಾಯ್ದೆಯಡಿ ಫರ್ಮ್ ಮಾಡಿಕೊಳ್ಳುತ್ತಾರೆ ಎನ್ನಿ. ಪಾಲು ಎಷ್ಟೆಂದು ಬರೆಯದಿದ್ದರೆ ಲಾಭ ನಷ್ಟ ಸಮಪಾಲು. ಒಬ್ಬ ಮಾಡಿದ ಫರ್ಮಿನ ಸಾಲಕ್ಕೆ ನಾಲ್ವರ ಮನೆ ಹೊಲವೂ ಹೊಣೆ. ಬೇರೆ ಕರಾರಿಲ್ಲದಿದ್ದರೆ ಒಬ್ಬ ತೀರಿಕೊಂಡರೆ ಫರ್ಮ್ ಮುಗಿಯಿತು. ಇಷ್ಟು ಎಲ್ಲ ಪುಸ್ತಕದಲ್ಲೂ ಇದೆ. ಪುಸ್ತಕದಲ್ಲಿ ಸುಲಭಕ್ಕೆ ಸಿಗದ ಪ್ರಶ್ನೆ: ಫರ್ಮ್ ಆದ ತಕ್ಷಣ ಹಾಡಿನ ಹಕ್ಕು ಫರ್ಮಿಗೆ ಬಂತೇ? ಬರಲಿಲ್ಲ. ನೌಕರ ಕೆಲಸದ ಭಾಗವಾಗಿ ಮಾಡಿದ ಕೃತಿಗೆ ಯಜಮಾನನೇ ಮೊದಲ ಒಡೆಯ ಎಂದು ಕಾಪಿರೈಟ್ ಕಾಯ್ದೆಯ ಕಲಂ 17 ಹೇಳುತ್ತದೆ. ಪಾಲುದಾರ ನೌಕರನಲ್ಲ. ಹಾಗಾಗಿ ಫರ್ಮ್ ಹುಟ್ಟುವ ಮೊದಲು ಬರೆದ ಪದ ಬರೆದವನ ಬಳಿಯೇ ಉಳಿಯುತ್ತದೆ, ಅವನು ಬರೆದುಕೊಟ್ಟರೆ ಮಾತ್ರ ಫರ್ಮಿಗೆ ಹೋಗುತ್ತದೆ. ಮುಂದೆ ಬರೆಯಲಿರುವ ಹಾಡುಗಳನ್ನೂ ಪಾಲುದಾರಿಕೆ ಪತ್ರದಲ್ಲಿ ಈಗಲೇ ಸೇರಿಸಬಹುದು. ಆ ಹಾಡು ಹುಟ್ಟಿದ ದಿನ ಕರಾರು ಜೀವ ಪಡೆಯುತ್ತದೆ. ಪತ್ರದಲ್ಲಿ "ಪಾಲುದಾರ ಹೊರಗೆ ಹೋದರೆ ಅವನ ಹಾಡು ಯಾರ ಪಾಲು" ಎಂಬ ಸಾಲು ಇಲ್ಲದಿದ್ದರೆ ಉಳಿದ ಹತ್ತು ಪುಟ ಚೆನ್ನಾಗಿದ್ದೂ ಪ್ರಯೋಜನ ಕಡಿಮೆ.

ಫರ್ಮಿನ ನೋಂದಣಿ ಕಡ್ಡಾಯವಲ್ಲ. ಆದರೆ ಪಾಲುದಾರಿಕೆ ಕಾಯ್ದೆಯ ಕಲಂ 69 ಇದೆ: ನೋಂದಣಿಯಾಗದ ಫರ್ಮ್ ಹೊರಗಿನವರ ಮೇಲೆ ಕರಾರಿನ ಹಕ್ಕಿಗಾಗಿ ದಾವೆ ಹಾಕುವಂತಿಲ್ಲ. ಕಾಯ್ದೆಯೇ ಕೊಟ್ಟ ಹಕ್ಕಿಗೆ ಈ ಅಡ್ಡಿ ಇಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಹಲ್ದಿರಾಮ್ ಹೆಸರಿನ ಟ್ರೇಡ್‌ಮಾರ್ಕ್ ಪ್ರಕರಣದಲ್ಲಿ ಹೇಳಿತು. ಅದೇ ತರ್ಕ ಹಿಡಿದರೆ ಹಾಡು ಕದ್ದವನ ಮೇಲೆ ಕೇಸು ನಡೆಯುತ್ತದೆ, ಹಾಡು ಬಳಸಿ ಹಣ ಕೊಡುತ್ತೇನೆಂದು ಕರಾರು ಮಾಡಿ ಕೈ ಎತ್ತಿದವನ ಮೇಲೆ ನಡೆಯುವುದಿಲ್ಲ. ಸಣ್ಣವರಿಗೆ ಎರಡನೆಯವನ ಕಾಟವೇ ಹೆಚ್ಚು, ಆದ್ದರಿಂದ ನೋಂದಣಿ ಮಾಡಿಸಿಬಿಡುವುದು ಮೇಲು. ಮನೆ ಹೊಲ ಹೊಣೆಯಾಗಬಾರದು ಎಂದರೆ 2008ರ ಕಾಯ್ದೆಯ ಸೀಮಿತ ಹೊಣೆಯ ಪಾಲುದಾರಿಕೆ ಅಂದರೆ ಎಲ್‌ಎಲ್‌ಪಿ ಇದೆ, ಒಬ್ಬರಿಗಾದರೆ ಏಕವ್ಯಕ್ತಿ ಕಂಪನಿ. ಎಲ್‌ಎಲ್‌ಪಿಗೆ ವ್ಯವಹಾರ ಇಲ್ಲದ ವರ್ಷವೂ ಫಾರ್ಮ್ 11 (ವಾರ್ಷಿಕ ವಿವರ) ಮತ್ತು ಫಾರ್ಮ್ 8 (ಲೆಕ್ಕಪತ್ರ) ಸಲ್ಲಿಸಬೇಕು, ತಡವಾದರೆ ದಂಡ ಬೆಳೆಯುತ್ತದೆ. ವರ್ಷಕ್ಕೆ ಎರಡು ಹಾಡು ಮಾಡುವವರಿಗೆ ಅದು ಭಾರವೇ.

ಸಣ್ಣ ಉದ್ಯಮವೆಂದು ದಾಖಲಾಗುವ ಉದ್ಯಮ್ ನೋಂದಣಿ ಸರ್ಕಾರದ ಪೋರ್ಟಲ್‌ನಲ್ಲಿ ಉಚಿತ. ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ. ಉದ್ಯಮ್ ಪ್ರಮಾಣಪತ್ರವಾಗಲಿ, ಜಿಎಸ್‌ಟಿ ನಂಬರಾಗಲಿ ನಿಮ್ಮ ಹೆಸರನ್ನೂ ಹಾಡನ್ನೂ ಕಾಯುವುದಿಲ್ಲ. ಹೆಸರಿಗೆ ಬೇಕಾದದ್ದು ಟ್ರೇಡ್‌ಮಾರ್ಕ್. ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ಯಮ ಆನ್‌ಲೈನಿನಲ್ಲಿ ಹಾಕಿದರೆ ಸರಕು ಸೇವೆಗಳ ಒಂದು ವರ್ಗಕ್ಕೆ 4,500 ರೂಪಾಯಿ, 10 ವರ್ಷ, ಮತ್ತೆ ನವೀಕರಣ. ಹಾಡಿನ ಬರೀ ಶೀರ್ಷಿಕೆಗೆ ಕಾಪಿರೈಟ್ ಇಲ್ಲ. ಒಂದು ಸಿನಿಮಾ ಹೆಸರಿನ ಜಗಳದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಹಾಗೆಂದಿದೆ. ಕಥೆಯ ಎಳೆ, ಕಲ್ಪನೆಗೂ ಇಲ್ಲ, ಅದನ್ನು ಹೇಳಿದ ರೀತಿಗಷ್ಟೇ: ಇದಕ್ಕೆ 1978ರ ಆರ್.ಜಿ. ಆನಂದ್ ಪ್ರಕರಣ ಉದಾಹರಿಸಿ.

ನೇಕಾರರ ಮನೆಯವರು ಇದನ್ನು ಓದುತ್ತಿದ್ದರೆ ಒಂದು ಎಚ್ಚರಿಕೆ, ಹಾಡಿನ ಲೆಕ್ಕ ಬಟ್ಟೆಗೆ ಹಿಡಿಯಬೇಡಿ. ಇಳಕಲ್ ಸೀರೆಯ ಟೋಪಿ ತೆನಿ ಸೆರಗು, ಗುಳೇದಗುಡ್ಡ ಖಣದ ಹಳೆಯ ವಿನ್ಯಾಸ ಯಾರೊಬ್ಬರ ಸ್ವತ್ತೂ ಅಲ್ಲ. ಆ ಹೆಸರುಗಳಿಗೆ ಭೌಗೋಳಿಕ ಸೂಚಕದ (ಒಂದು ಊರು, ಸೀಮೆಯ ಸರಕೆಂಬ ಗುರುತಿನ) ರಕ್ಷಣೆ ಇದೆ. ರಬಕವಿ ಬನಹಟ್ಟಿಯಲ್ಲಿ ಒಬ್ಬಳು ಹೊಸದಾಗಿ ಒಂದು ಬುಟ್ಟಾ (ಸೀರೆಯ ಮೇಲಿನ ಚಿತ್ತಾರ) ಬರೆದಳು ಎನ್ನಿ. ಕಾಗದದ ಮೇಲೆ ಅದು ಕಲಾಕೃತಿ, ಕಾಪಿರೈಟ್ ಇದೆ. ಅದೇ ಬುಟ್ಟಾವನ್ನು ಪವರ್‌ಲೂಮಿಗೆ ಹಾಕಿ 50ಕ್ಕಿಂತ ಹೆಚ್ಚು ಸೀರೆ ನೇಯ್ದಾಗ, ವಿನ್ಯಾಸ ನೋಂದಣಿ ಮಾಡಿಸಬಹುದಾಗಿದ್ದೂ ಮಾಡಿಸಿರದಿದ್ದರೆ, ಕಾಪಿರೈಟ್ ಕಾಯ್ದೆಯ ಕಲಂ 15ರ ಪ್ರಕಾರ ಆ ಕಾಪಿರೈಟ್ ಮುಗಿಯಿತು. 51ನೇ ಸೀರೆ ಮಗ್ಗದಿಂದ ಇಳಿದ ಮೇಲೆ ಪಕ್ಕದ ಮಗ್ಗದವನು ನಕಲು ಮಾಡಿದರೆ ಈ ಕಾಯ್ದೆಯಲ್ಲಿ ದಾರಿ ಇಲ್ಲ. 2000ದ ಡಿಸೈನ್ಸ್ ಕಾಯ್ದೆಯಡಿ ನೋಂದಾಯಿಸಿದರೆ 10 ವರ್ಷ, ಮತ್ತೆ 5 ವರ್ಷ. ಆದರೆ ಅರ್ಜಿ ಮೊದಲು ಹೋಗಬೇಕು, ಸೀರೆ ಆಮೇಲೆ ಪೇಟೆಗೆ ಹೋಗಬೇಕು. ವಾಟ್ಸಾಪ್ ಸ್ಟೇಟಸ್ಸಿಗೆ ಫೋಟೋ ಹಾಕಿದರೂ ಪ್ರಕಟಿಸಿದಂತೆ ಎಂದು ಎದುರಾಳಿ ವಾದಿಸಬಹುದು.

ಕಾಪಿರೈಟ್ ಹುಟ್ಟುವುದು ಕೃತಿ ಹುಟ್ಟಿದಾಗಲೇ, ನೋಂದಣಿ ಐಚ್ಛಿಕ. ಹಾಗಾದರೆ ಯಾಕೆ ಮಾಡಿಸಬೇಕು? ರಿಜಿಸ್ಟರಿನಲ್ಲಿ ಇದ್ದದ್ದು ಕೋರ್ಟಿನಲ್ಲಿ ಮೇಲ್ನೋಟದ ಸಾಕ್ಷ್ಯ. ಅದು ತಪ್ಪೆಂದು ತೋರಿಸುವ ಹೊರೆ ಎದುರಾಳಿಯದು. ಪದಕ್ಕೆ 500, ರಾಗಕ್ಕೆ 500, ಧ್ವನಿಮುದ್ರಣಕ್ಕೆ 2,000 ರೂಪಾಯಿ. ಅರ್ಜಿ ಹಾಕಿದೊಡನೆ ಡೈರಿ ನಂಬರ್ ಬರುತ್ತದೆ. ಅದು ಅರ್ಜಿಯ ನಂಬರ್, ನೋಂದಣಿಯಲ್ಲ. ಆಕ್ಷೇಪಣೆಗೆಂದು 30 ದಿನ ಕಾದ ಮೇಲಷ್ಟೇ ಪರಿಶೀಲನೆ. ಎಲ್ಲ ಹಾಡಿಗೂ ಮಾಡಿಸುವಷ್ಟು ದುಡ್ಡಿಲ್ಲದವರು ರಾಗ ಗುನುಗಿದ ಮೊದಲ ವಾಯ್ಸ್ ರೆಕಾರ್ಡಿಂಗ್, ಪದ ತಿದ್ದಿದ ಹಾಳೆ, ಪ್ರಾಜೆಕ್ಟ್ ಫೈಲ್, ಸ್ಟುಡಿಯೋ ರಸೀದಿ ಇಟ್ಟುಕೊಳ್ಳಲಿ. ಮೊಬೈಲಿನ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ಮೊಬೈಲ್ ಮಾರುವ ಮೊದಲು ಇದು ನೆನಪಿರಲಿ.

ಯಾರಾದರೂ ಹಾಡು ಕದ್ದು ತಮ್ಮ ಚಾನೆಲ್ಲಿಗೆ ಹಾಕಿದರೆ ಯೂಟ್ಯೂಬಿಗೆ ದೂರು ಕೊಡುವುದು ಬೇಗದ ದಾರಿ. 90 ದಿನದೊಳಗೆ ಮೂರು ಸ್ಟ್ರೈಕ್ (ದೂರಿನ ಮೇಲೆ ಯೂಟ್ಯೂಬ್ ಹಾಕುವ ಎಚ್ಚರಿಕೆ) ಬಿದ್ದರೆ ಚಾನೆಲ್ಲೇ ಹೋಗಬಹುದು. ಹಾಗಂತ ಜಗಳವಾದ ಗೆಳೆಯನ ಮೇಲೆ ಸಿಟ್ಟಿಗೆ ಸ್ಟ್ರೈಕ್ ಹೊಡೆಯುವವರೂ ಇದ್ದಾರೆ, ಸುಳ್ಳು ದೂರು ತಿರುಗಿ ಬೀಳುತ್ತದೆ. ಕೋರ್ಟಿಗೆ ಹೋಗುವುದಾದರೆ ಕಾಪಿರೈಟ್ ಕಾಯ್ದೆಯ ಕಲಂ 62 ದೊಡ್ಡ ಉಪಕಾರ ಮಾಡಿದೆ. ಕದ್ದವನು ದಿಲ್ಲಿಯಲ್ಲಿದ್ದರೂ, ಹಕ್ಕುದಾರ ಬಾಗಲಕೋಟೆ ಜಿಲ್ಲೆಯಲ್ಲಿ ವಾಸವಿದ್ದರೆ ಅಥವಾ ಇಲ್ಲಿ ಉದ್ಯಮ ನಡೆಸುತ್ತಿದ್ದರೆ ಇಲ್ಲಿಯೇ ದಾವೆ ಹಾಕಬಹುದು. ತಡೆಯಾಜ್ಞೆ, ನಷ್ಟ ಪರಿಹಾರ, ಲಾಭದ ಲೆಕ್ಕ ಮೂರನ್ನೂ ಕೇಳಬಹುದು. ಕ್ರಿಮಿನಲ್ ದಾರಿಯಲ್ಲಿ ಇದೇ ಕಾಯ್ದೆಯ ಕಲಂ 63: 6 ತಿಂಗಳಿಂದ 3 ವರ್ಷ ಸಜೆ, 50,000ದಿಂದ 2 ಲಕ್ಷ ರೂಪಾಯಿ ದಂಡ. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದ ಅಪರಾಧ ಇದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೇಲ್ಮನವಿ ಹೈಕೋರ್ಟಿಗೆ ಹೋದರೆ ಬಾಗಲಕೋಟೆ, ಬೆಳಗಾವಿಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ.

ಮುಧೋಳದ ನಾಲ್ವರ ಲೆಕ್ಕ ನೀವೇ ಬಿಡಿಸಿ ನೋಡಿ: ಚಾನೆಲ್‌ನವ ಹಾಡನ್ನು ಒಂದು ಜಾಹೀರಾತಿಗೆ ಮಾರಿದ, ಬರೆದವನ ಸಹಿ ಇಲ್ಲ, ಹಾಡಿದಾಕಿಯ ಹೆಸರೂ ಹಾಕಿಲ್ಲ. ಯಾರ್ಯಾರು, ಯಾವ ಕಲಮಿನಡಿ, ಯಾರ ಮೇಲೆ ಹೋಗಬಹುದು? ಮೊದಲು ಪದ, ರಾಗ, ಧ್ವನಿಮುದ್ರಣ, ಹಾಡಿಕೆ ಎಂದು ನಾಲ್ಕು ಕಂಬ ಎಳೆದುಕೊಂಡು ಬರೆಯಲು ಶುರು ಮಾಡಿ.