ಚಂದ್ರ ಚೇಳಿಗೆ ತಾಗಿದ ದಿನ ಗದ್ದೆ ಯಾರದು?

ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಉತ್ತರ ತುದಿಯಲ್ಲಿ ಅಚೆ ಪ್ರಾಂತ್ಯ ಇದೆ. ಅಲ್ಲಿ ಹಳ್ಳಿಗೆ ಗಂಪೊಂಗ್ ಅನ್ನುತ್ತಾರೆ. ಹಳೇ ಪದ್ಧತಿಯ ಗಂಪೊಂಗ್‌ನಲ್ಲಿ ಒಂದು ಗದ್ದೆ ಯಾರದು ಅನ್ನೋದು ವರ್ಷದ ಯಾವ ಹೊತ್ತಿನಲ್ಲಿ ಕೇಳುತ್ತೀರಿ ಅನ್ನೋದರ ಮೇಲೆ ನಿಂತಿತ್ತು. ಆ ಹೊತ್ತನ್ನು ಹೇಳುತ್ತಿದ್ದದ್ದು ಚಂದ್ರ ಮತ್ತು ಒಂದು ಚೇಳು.

ಮನೆಯ ವಿಷಯ ಸರಳ. ಕಂಬಗಳ ಮೇಲೆ ಎತ್ತರಕ್ಕೆ ನಿಂತ ಮರದ ಮನೆ ಸಾಮಾನ್ಯವಾಗಿ ಮಗಳಿಗೆ. ಮದುವೆಯಾದ ಗಂಡ ಹೆಂಡತಿಯ ಮನೆಗೆ ಬರುತ್ತಾನೆ. ಹೆಂಡತಿಯನ್ನು ಕರೆಯುವುದೇ ‘ಪೊ ರುಮೊ’, ಅಂದರೆ ಮನೆಯ ಒಡತಿ, ಅಂತ. ಇಸ್ಲಾಮಿನ ವಾರಸಾ ನಿಯಮದಲ್ಲಿ ಮಗನಿಗೆ ಮಗಳ ಎರಡರಷ್ಟು ಪಾಲು. ಅಚೆಯವರು ಭಕ್ತ ಮುಸ್ಲಿಮರು, ಆ ನಿಯಮವನ್ನು ಒಪ್ಪಿದವರು. ಆದರೆ ಅಪ್ಪ ಅಮ್ಮ ಬದುಕಿರುವಾಗಲೇ ಮನೆಯನ್ನು ಮಗಳಿಗೆ ಉಡುಗೊರೆಯಾಗಿ ಕೊಟ್ಟುಬಿಟ್ಟರೆ, ಸತ್ತ ಮೇಲೆ ಹಂಚೋಕೆ ಆ ಮನೆ ಇರೋದೇ ಇಲ್ಲ. ಜಾಣತನ, ಅಲ್ವಾ?

ಗದ್ದೆಯ ಕತೆ ಬೇರೆ. ಉತ್ತು ಬಿತ್ತಿದ್ದಾಗ ಅದು ಒಡೆಯನದು. ಕೊಯ್ಲು ಮುಗಿದ ಮೇಲೆ ‘ಲುವಾಯ್ ಬ್ಲಾಂಗ್’ ಶುರು. ಗದ್ದೆ ಬಯಲು ಬಿಡುಗಡೆಯಾಗುವ ಕಾಲ ಅದು. ಬದುಗಳಿಗೆ ಬೆಲೆ ಇಲ್ಲ. ಯಾರ ಎಮ್ಮೆ ಯಾರ ಗದ್ದೆಯಲ್ಲಿ ಬೇಕಾದರೂ ಕೂಳೆ ಮೇಯಬಹುದು. ಹುಡುಗರು ಗಾಳಿಪಟ ಹಾರಿಸುತ್ತಾರೆ. ಮತ್ತೆ ಉಳುಮೆಯ ಹೊತ್ತು ಬಂತು ಅಂತ ಸಾರಿದ ಮೇಲೆ ದನ ಕಟ್ಟಿಹಾಕಲೇಬೇಕು. ನೀರು ಮತ್ತು ಬೇಸಾಯ ನೋಡಿಕೊಳ್ಳುವ ‘ಕಜ್ರುಅನ್ ಬ್ಲಾಂಗ್’ ಎಂಬ ಹಿರಿಯನ ಕೆಲಸ ಅದು. ಅಲ್ಲಿಂದ ಮುಂದೆ ಗದ್ದೆ ಮತ್ತೆ ಖಾಸಗಿ.

ಆ ಹೊತ್ತು ಬಂತು ಅಂತ ಗೊತ್ತಾಗುವುದು ಹೇಗೆ? ಅಚೆ ಇರುವುದು ಸುಮಾರು 5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಳಿಗಾಲ ಅನ್ನೋದೇ ಇಲ್ಲ, ಹಗಲಿನ ಉದ್ದ ವರ್ಷವಿಡೀ ಹೆಚ್ಚೂಕಡಿಮೆ ಒಂದೇ. ಹಳ್ಳಿಯವರ ಕೈಲಿದ್ದದ್ದು ಹಿಜರಿ ಕ್ಯಾಲೆಂಡರ್. ಅದರ ವರ್ಷ ಸುಮಾರು 354 ದಿನ. ಪ್ರತಿ ವರ್ಷ 11 ದಿನ ಹಿಂದಕ್ಕೆ ಜಾರುವುದರಿಂದ ರಂಜಾನ್ ಸುಮಾರು 33 ವರ್ಷದಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಅದನ್ನು ನೋಡಿ ಭತ್ತ ಬಿತ್ತೋಕೆ ಹೋದರೆ ಕೆಟ್ಟೆವು.

ಇಲ್ಲಿ ಬರುತ್ತದೆ ‘ಕನೋಂಗ್’, ಅಂದರೆ ಚಂದ್ರ ಆಕಾಶದ ಚೇಳಿಗೆ ತಾಗುವುದನ್ನು ನೋಡಿ ಋತು ಹೇಳುವ ಲೆಕ್ಕ. ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು, ಸ್ವಲ್ಪ ತಾಳ್ಮೆ ಇರಲಿ.

ವೃಶ್ಚಿಕ ರಾಶಿಯ ನಕ್ಷತ್ರಗಳು ಕೊಕ್ಕೆ ಬಾಲದ ಚೇಳಿನ ಹಾಗೇ ಕಾಣುತ್ತವೆ. ಅದರ ಎದೆಯಲ್ಲಿ ಒಂದು ಕೆಂಪು ನಕ್ಷತ್ರ, ಅಂಟಾರೆಸ್. ನಮ್ಮ ಜ್ಯೇಷ್ಠಾ. ಚಂದ್ರ ಸುಮಾರು 27.3 ದಿನಕ್ಕೊಮ್ಮೆ ಈ ಚೇಳಿನ ಹತ್ತಿರ ಹಾಯುತ್ತಾನೆ. ಹಾಗೆ ‘ತಾಗಿದ’ ದಿನ ಹಿಜರಿ ತಿಂಗಳ ಎಷ್ಟನೇ ದಿನವೋ, ಅದೇ ಆ ಕನೋಂಗ್‌ನ ಹೆಸರು. 23ನೇ ದಿನ ತಾಗಿದರೆ ಕನೋಂಗ್ 23. ಮುಂದಿನ ಸಲ 21, ಆಮೇಲೆ 19, 17, 15, ಹೀಗೇ 1ರವರೆಗೆ.

ಎರಡೆರಡೇ ಯಾಕೆ ಇಳಿಯುತ್ತದೆ? ಗೋಡೆ ಗಡಿಯಾರ ನೋಡಿ. ನಿಮಿಷದ ಮುಳ್ಳು ಚಂದ್ರ, ಗಂಟೆಯ ಮುಳ್ಳು ಸೂರ್ಯ, 12ರ ಗುರುತು ಚೇಳು. ನಿಮಿಷದ ಮುಳ್ಳು 60 ನಿಮಿಷಕ್ಕೆ 12ಕ್ಕೆ ವಾಪಸ್ ಬರುತ್ತದೆ. ಆದರೆ ಗಂಟೆಯ ಮುಳ್ಳನ್ನು ಮತ್ತೆ ಹಿಡಿಯೋಕೆ 65 ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಬೇಕು, ಯಾಕೆಂದರೆ ಅದೂ ಮುಂದೆ ಸರಿದಿರುತ್ತದೆ. ಈಗ ಗಂಟೆಯ ಮುಳ್ಳನ್ನು ಬಟ್ಟೆಯಿಂದ ಮುಚ್ಚಿಬಿಡಿ. ನಿಮಿಷದ ಮುಳ್ಳು 12ಕ್ಕೆ ಬಂದಾಗ, ‘ಎರಡು ಮುಳ್ಳು ಕೂಡಿ ಎಷ್ಟು ಹೊತ್ತಾಯಿತು?’ ಅಂತ ಮಾತ್ರ ಕೇಳಿ. ಎರಡು ಗಂಟೆಗೆ ಉತ್ತರ ಸುಮಾರು 55 ನಿಮಿಷ. ಮೂರಕ್ಕೆ 49, ನಾಲ್ಕಕ್ಕೆ 44. ಸಂಖ್ಯೆ ಇಳಿಯುತ್ತಾ ಹೋಗುತ್ತದೆ. ಅದನ್ನು ನೋಡಿಯೇ ಗಂಟೆ ಎಷ್ಟು ಅಂತ ಹೇಳಬಹುದು.

ಆಕಾಶದಲ್ಲೂ ಅಷ್ಟೇ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 29.5 ದಿನ, ಚೇಳಿನಿಂದ ಚೇಳಿಗೆ 27.3. ವ್ಯತ್ಯಾಸ 2.2 ದಿನ. ಸೂರ್ಯ ಯಾವ ನಕ್ಷತ್ರದ ಮುಂದಿದ್ದಾನೆ ಅಂತ ಹಗಲಲ್ಲಿ ಕಾಣುವುದಿಲ್ಲ, ಮುಚ್ಚಿಟ್ಟ ಮುಳ್ಳು ಅವನು. ಚಂದ್ರನ ವಯಸ್ಸು, ಅಂದರೆ ಅಮಾವಾಸ್ಯೆ ಕಳೆದು ಎಷ್ಟು ದಿನವಾಯಿತು ಅನ್ನೋದು, ಸೂರ್ಯನ ಜಾಗವನ್ನು ಹೇಳಿಬಿಡುತ್ತದೆ. ಕನೋಂಗ್ 15 ಅಂದರೆ ಹುಣ್ಣಿಮೆ ಚಂದ್ರ ಚೇಳಿನ ಜೊತೆ, ಅಂದರೆ ಸೂರ್ಯ ಸರಿಯಾಗಿ ಎದುರಿಗೆ, ಅಂದರೆ ಮೇ ಕೊನೆ ಅಥವಾ ಜೂನ್ ಮೊದಲು. ಕನೋಂಗ್ 5 ಬರೋದು ಅಕ್ಟೋಬರ್ ನಡುವಿಗೆ, ಸಂಜೆ ಪಶ್ಚಿಮದಲ್ಲಿ ಎಳೆ ಚಂದ್ರನ ಜೊತೆ. ಪ್ರತಿ ಸಲ 0.2 ದಿನದ ತಪ್ಪು ಉಳಿಯುತ್ತದಲ್ಲ ಅಂತ ಕೇಳಬಹುದು. ಉಳಿಯುತ್ತದೆ, ಆದರೆ ಇದು ಆಕಾಶ ನೋಡಿ ಹೇಳುವ ಲೆಕ್ಕ, ತಪ್ಪು ಪೇರುತ್ತಾ ಹೋಗುವುದಿಲ್ಲ. ಚೇಳು ಸೂರ್ಯನ ಬೆಳಕಿನಲ್ಲಿ ಮರೆಯಾಗುವ ನವೆಂಬರ್-ಡಿಸೆಂಬರ್ ಹೊತ್ತಿನಲ್ಲಿ ಸರಣಿ ಮುಗಿದು, ಸ್ವಲ್ಪ ಬಿಡುವಿನ ಮೇಲೆ ಹೊಸದಾಗಿ ಶುರುವಾಗುತ್ತದೆ.

ನಮಗೂ ಇದು ತೀರಾ ಹೊಸದಲ್ಲ. ಹುಣ್ಣಿಮೆ ಚಂದ್ರ ಜ್ಯೇಷ್ಠಾ ನಕ್ಷತ್ರದ ಆಸುಪಾಸು ಬರುವ ತಿಂಗಳಿಗೇ ಜ್ಯೇಷ್ಠ ಮಾಸ ಅಂತ ಹೆಸರು. ಎತ್ತಿನ ಕೊಂಬಿಗೆ ಬಣ್ಣ ಬಳಿಯುವ ನಮ್ಮ ಕಾರ ಹುಣ್ಣಿಮೆ ಹೆಚ್ಚೂಕಡಿಮೆ ಅವರ ಕನೋಂಗ್ 15. ನಮ್ಮ ಪಂಚಾಂಗ ಅಧಿಕ ಮಾಸ ಸೇರಿಸಿ ಚಂದ್ರನನ್ನು ಋತುವಿಗೆ ಕಟ್ಟಿಹಾಕಿತು. ಇಸ್ಲಾಮಿನಲ್ಲಿ ಅಧಿಕ ಮಾಸಕ್ಕೆ ಅನುಮತಿ ಇಲ್ಲ. ಹಾಗಾಗಿ ಅಚೆಯ ರೈತ ಕ್ಯಾಲೆಂಡರ್ ಮುಟ್ಟದೆ, ಅದು ಜಾರುವುದನ್ನೇ ಅಳತೆಗೋಲು ಮಾಡಿಕೊಂಡ.

ಇದನ್ನು ವಿವರವಾಗಿ ಬರೆದಿಟ್ಟವನು ಡಚ್ ವಿದ್ವಾಂಸ ಸ್ನೌಕ್ ಹರ್ಗ್ರೊನ್ಯೆ. 1873ರಲ್ಲಿ ಶುರುವಾದ ಅಚೆ ಯುದ್ಧದಲ್ಲಿ ಡಚ್ಚರಿಗೆ ಸಲಹೆ ಕೊಡೋಕೆ 1891ರಲ್ಲಿ ಅಲ್ಲಿಗೆ ಹೋದವನು. ಊರಿನ ಪ್ರತಿ ಆಟ, ಹಬ್ಬ, ಲೆಕ್ಕವನ್ನೂ ಬರೆದುಕೊಂಡ. ಆ ಊರವರನ್ನೇ ಬಗ್ಗುಬಡಿಯೋದು ಹೇಗೆ ಅಂತಲೂ ಸಲಹೆ ಕೊಟ್ಟ. ಆ ಬರಹ ಓದುವಾಗ ಎರಡನೆಯದನ್ನು ಮರೆಯೋಕೆ ನನ್ನಿಂದ ಆಗುವುದಿಲ್ಲ.

ಈಗ ನನಗೆ ಸಿಟ್ಟು ಬರಿಸುವ ಎರಡು ಮಾತು. ಒಂದು, ‘ಇದೆಲ್ಲ ಮೂಢನಂಬಿಕೆ’. ಇನ್ನೊಂದು, ‘ಚಂದ್ರನ ಶಕ್ತಿಯಿಂದ ಬೀಜ ಮೊಳೆಯುತ್ತೆ, ಹಿರಿಯರಿಗೆ ಗೊತ್ತಿತ್ತು’. ಚಂದ್ರ ಬೀಜಕ್ಕೆ ಏನೂ ಮಾಡುವುದಿಲ್ಲ. ಅವನು ಮಾಡುವುದು ಇಡೀ ಊರು ಒಂದೇ ದಿನವನ್ನು ಒಪ್ಪುವಂತೆ ಮಾಡುವ ಕೆಲಸ. ಬಿತ್ತನೆ ಹೊತ್ತಿನ ‘ಖಂದುರಿ ಬ್ಲಾಂಗ್’ ಊಟದಲ್ಲಿ ಎಲ್ಲರೂ ಕೂತು ಉಣ್ಣುತ್ತಾರೆ, ಪ್ರಾರ್ಥಿಸುತ್ತಾರೆ. ಆ ಊಟಕ್ಕೆ ಬಂದವನು ‘ನನಗೆ ಗೊತ್ತಿರಲಿಲ್ಲ’ ಅಂತ ಆಮೇಲೆ ಎಮ್ಮೆ ಬಿಡೋ ಹಾಗಿಲ್ಲ.

ಒಂದೇ ದಿನ ಯಾಕೆ ಮುಖ್ಯ? ಕಂದು ಜಿಗಿಹುಳು ಬದುಕೋಕೆ ಭತ್ತವೇ ಬೇಕು. ಎಲ್ಲರ ಗದ್ದೆಯೂ ಒಟ್ಟಿಗೆ ಖಾಲಿ ಬಿದ್ದರೆ ಅದಕ್ಕೆ ಊಟವಿಲ್ಲ. ಗದ್ದೆ ಇಲಿಗಳು ಮರಿ ಹಾಕುವುದೂ ಭತ್ತ ತೆನೆಗಟ್ಟುವ ಹೊತ್ತಿಗೆ. ಒಬ್ಬೊಬ್ಬರು ಒಂದೊಂದು ವಾರ ಬಿತ್ತಿದರೆ ಇಲಿಗಳಿಗೆ ಹಬ್ಬ ಮುಗಿಯುವುದೇ ಇಲ್ಲ. ಬಾಲಿ ದ್ವೀಪದಲ್ಲಿ ಯಾವ ಗದ್ದೆಗೆ ಯಾವಾಗ ನೀರು ಅಂತ ನಿರ್ಧರಿಸುವ ನೀರಿನ ದೇವಾಲಯಗಳ ಬಗ್ಗೆ ಸಂಶೋಧಕರಾದ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಜೇಮ್ಸ್ ಕ್ರೆಮರ್ 1993ರಲ್ಲಿ ಕಂಪ್ಯೂಟರ್ ಮಾದರಿ ಮಾಡಿ ತೋರಿಸಿದ್ದು ಇಂಥದ್ದನ್ನೇ. ಹಸಿರು ಕ್ರಾಂತಿಯ ಗಡಿಬಿಡಿಯಲ್ಲಿ ಇಂಡೋನೇಷ್ಯಾ ವರ್ಷವಿಡೀ ಭತ್ತ, ಅದರ ಮೇಲೆ ಸಿಕ್ಕಾಪಟ್ಟೆ ಕೀಟನಾಶಕ ಅಂತ ಹೊರಟಿತು. ಜಿಗಿಹುಳುವಿನ ಕಾಟ ಜಾಸ್ತಿಯಾಗಿ, 1986ರಲ್ಲಿ ಸರ್ಕಾರವೇ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಬೇಕಾಯಿತು.

ಈಗ ಕಾಲುವೆ ನೀರು, ಬೇಗ ಕೊಯ್ಲಿಗೆ ಬರುವ ತಳಿಗಳು ಬಂದ ಕಡೆ ಬಯಲು ಬಿಡುಗಡೆಯ ಕಾಲ ಕುಗ್ಗಿದೆ. ಆದರೂ 2008ರ ಪ್ರಾಂತೀಯ ಕಾನೂನಿನಲ್ಲಿ ಕಜ್ರುಅನ್ ಬ್ಲಾಂಗ್‌ಗೆ ಅಧಿಕೃತ ಜಾಗ ಇದೆ. 2004ರ ಸುನಾಮಿ ಬದು, ಗುರುತು, ದಾಖಲೆ ಎಲ್ಲ ಕೊಚ್ಚಿಕೊಂಡು ಹೋದಾಗ, ಬದುಕುಳಿದವರು ಒಟ್ಟಾಗಿ ನಿಂತು ‘ಇಲ್ಲಿಂದ ಇಲ್ಲಿಗೆ ಇವರದು’ ಅಂತ ಒಪ್ಪಿದ್ದನ್ನೇ ಆಧಾರ ಮಾಡಿಕೊಂಡು ಹೊಸ ಹಕ್ಕುಪತ್ರ ಕೊಡುವ ಯೋಜನೆ ನಡೆಯಿತು.

ಕನೋಂಗ್ ಲೆಕ್ಕವನ್ನು ಸುಮ್ನೆ ನಂಬಬೇಡಿ, ಮಹಡಿ ಮೇಲೆ ಹೋಗಿ ನೋಡಿ. ಆಗಸ್ಟ್ ಕೊನೆಯ ಆಸುಪಾಸು ಚಂದ್ರ ಕೆಂಪು ನಕ್ಷತ್ರದ ಹತ್ತಿರ ಬಂದ ರಾತ್ರಿ, ಅಮಾವಾಸ್ಯೆ ಕಳೆದು ಎಷ್ಟು ದಿನವಾಯಿತು ಅಂತ ಎಣಿಸಿ. 9ರ ಹತ್ತಿರ ಬರಬೇಕು. 23 ಬಂದರೆ ಲೆಕ್ಕ ತಪ್ಪಿಲ್ಲ. ನೀವು ನೋಡಿದ್ದು ಆಕಾಶದ ಇನ್ನೊಂದು ಬದಿಯ ಕೆಂಪು ನಕ್ಷತ್ರ, ರೋಹಿಣಿ.